ಅಲುಗದ ಗೆರೆ

ಮಣ್ಣಿನ ಉಸಿರಿಗೂ ಮನುಷ್ಯರು ಲೆಕ್ಕ ಕೇಳತೊಡಗಿದ್ದ ಕಾಲದಲ್ಲಿ ಒಬ್ಬ ಅಳತೆಗಾರನಿದ್ದ. ಹಳೆಯ ಕಸದ ಗುಡ್ಡಗಳಿಂದ ಭೂಮಿಯನ್ನು ಬಿಸಿ ಮಾಡುವ ಅನಿಲ ಎಷ್ಟು ಏಳುತ್ತದೆಂದು ಅಳೆಯುವುದು ಅವನ ಕೆಲಸ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

“ಸಂಜೆಯೊಳಗೆ ಒಂದು ನೇರ ಗೆರೆ ಕಳಿಸು. ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ,” ಎಂದಿದ್ದರು ಸಾಹೇಬರು.

“ಕಳಿಸ್ತೀನಿ ಸರ್,” ಎಂದು ಮಾತು ಕೊಟ್ಟು ಬಂದಿದ್ದ.

ಕ್ರಮ ಸರಳ. ಮುಚ್ಚಳವಿಲ್ಲದ ಪೆಟ್ಟಿಗೆಯನ್ನು ನೆಲದ ಮೇಲೆ ಬೋರಲು ಹಾಕಿ ಅರ್ಧ ಗಂಟೆ ಕಾಯಬೇಕು. ಒಳಗೆ ಅನಿಲ ತುಂಬಿದಂತೆ ಯಂತ್ರದ ಪರದೆಯಲ್ಲಿ ಗೆರೆ ನೇರವಾಗಿ ಏರಬೇಕು. ಆದರೆ ಪೆಟ್ಟಿಗೆಯಂಚಿನ ರಬ್ಬರನ್ನು ಆಫೀಸಿನ ಇಲಿಗಳು ತಿಂದಿದ್ದವು. ಹತ್ತಿರ ಯಾರಾದರೂ ಉಸಿರು ಬಿಟ್ಟರೆ ಸಾಕು, ಅದು ಸಂದಿಯಿಂದ ಒಳಹೊಕ್ಕು ಗೆರೆ ಬೆಚ್ಚಿದ ಮೇಕೆಮರಿಯಂತೆ ನೆಗೆಯುತ್ತಿತ್ತು. ಬೆಳಗಿನಿಂದ ಮೂರು ಸಲ ಬಗ್ಗಿ ನೋಡಿ, ಮೂರು ಸಲವೂ ತಾನೇ ಕೆಡಿಸಿದ್ದ.

ನಾಲ್ಕನೆಯ ಸಲ ಮೂಗಿಗೆ ಕರವಸ್ತ್ರ ಕಟ್ಟಿ ಇಪ್ಪತ್ತು ಹೆಜ್ಜೆ ದೂರ ಕೂತ. ಗಾಳಿಯಿಲ್ಲ, ಹಕ್ಕಿಯಿಲ್ಲ; ಹುಲ್ಲು ಕೂಡ ಕಿವಿಗೊಟ್ಟು ನಿಂತಂತಿತ್ತು. ಅಷ್ಟರಲ್ಲಿ ಗುಡ್ಡದ ಹಿಂದಿನಿಂದ ಒಬ್ಬ ಅಜ್ಜಿ, ಅವಳ ಅಳಿಯ, ಕೊರಳಿಗೆ ಟೇಪು ಹಾಕಿಕೊಂಡ ಒಬ್ಬ ದರ್ಜಿ ಸದ್ದಿಲ್ಲದೆ ಬಂದು ಪೆಟ್ಟಿಗೆಯನ್ನು ಮುತ್ತಿದರು.

“ಏನಪ್ಪಾ, ಕೋಳಿ ಕವುಚಿ ಹಾಕಿದೀಯಾ?”

“ಅಜ್ಜೀ, ದಮ್ಮಯ್ಯ, ದೂರ ಹೋಗಿ. ನಿಮ್ಮ ಉಸಿರು ತಾಗಿದ್ರೆ ನನ್ನ ಕೆಲಸ ಹೋಗುತ್ತೆ.”

“ನಮ್ಮ ಉಸಿರಾ?” ದರ್ಜಿ ಅಳಿಯನ ಮುಖ ನೋಡಿ ನಕ್ಕ. “ಆ ಚಿಂತೆ ಬಿಡಪ್ಪ.”

ಅಜ್ಜಿ ಸಂದಿಗೆ ಮೂಗು ತಾಗಿಸಿಯೇ ಇಣುಕಿದಳು. ಅಳಿಯ ಪಕ್ಕದಲ್ಲೇ ಕಾಲು ಚಾಚಿದ.

“ಅತ್ತೆ, ಗುಡ್ಡ ಕುಸಿದಾಗ ಮುಚ್ಚಿಹೋದ ನಮ್ಮ ಅಡುಗೆಮನೆ ಇದರ ಕೆಳಗೇ ಅಲ್ವಾ?”

“ಇದು ದರ್ಜಿ ಅಂಗಡಿ ಕಣೋ. ನಮ್ಮದು ಇನ್ನೂ ಎರಡು ಮಾರು ಆಚೆ.”

ಮಾತಾಡಿದರು, ನಕ್ಕರು, ಜಗಳವಾಡಿದರು. ಅರ್ಧ ಗಂಟೆ ಮುಗಿದು ಯಂತ್ರ ಸದ್ದು ಮಾಡಿದಾಗ ಅಳತೆಗಾರ ಅಳುಮುಖದಲ್ಲೇ ಓಡಿಬಂದ. ನೋಡಿದರೆ ಸ್ಕೇಲಿಟ್ಟು ಎಳೆದಂಥ ಗೆರೆ. ಹಿಗ್ಗಿ ಹೀರೇಕಾಯಿಯಾದ. ಮರುಗಳಿಗೆ ಆ ಮೂವರತ್ತ ತಿರುಗಿ ನೋಡಿದ. ಮೂರು ಮೂಗು, ಅರ್ಧ ಗಂಟೆ. ಗೆರೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಫೋನು ಬಡಿದುಕೊಂಡಿತು. “ಗೆರೆ ಬಂತೇನಯ್ಯಾ? ಕಳಿಸು, ನೀನು ಕಾಯಂ. ಆ ಗುಡ್ಡ ಇನ್ಮೇಲೆ ನಿಂದೇ. ದಿನಾ ಒಂದು ಗೆರೆ, ನಿವೃತ್ತಿ ಆಗೋವರೆಗೂ.”

ಕಳಿಸುವ ಗುಂಡಿಯ ಮೇಲೆ ಅವನ ಬೆರಳು ನಿಂತೇಬಿಟ್ಟಿತು.

“ಇದನ್ನೇ ಅಲ್ವೇನಪ್ಪಾ ಒತ್ತೋದು?” ಎನ್ನುತ್ತ ಅಜ್ಜಿ ತನ್ನ ಬೆರಳನ್ನು ಅವನ ಬೆರಳ ಮೇಲಿಟ್ಟಳು. ಬಾವಿಯ ತಳದ ಕಲ್ಲಿನಂತೆ ತಣ್ಣಗಿತ್ತು.

ಗೆರೆ ಹೋಯಿತು.