ಶೇರು ಮಾರುವ ಪಂಚಾಯ್ತಿ

ಶೇರು ಕೊಳ್ಳುವಾಗ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಮಾರುವಾಗ ಮಾತ್ರ ಊರೆಲ್ಲ ಬಂದು ಕೂರುತ್ತದೆ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಶೇರು ಕೊಡಿಸುವ, ಮಾರಿಸುವ ಸಣ್ಣ ಆಫೀಸು ನನ್ನದು. ಒಂದು ಸಾಫ್ಟ್‌ವೇರ್ ಕಂಪನಿಯ ಶೇರು ಏರತೊಡಗಿದ ಮೇಲಂತೂ ಇಂಥವು ನಡೆಯದ ವಾರವೇ ಇಲ್ಲ.

ಸ್ಯಾಂಪಲ್ಲು

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಸಾಹುಕಾರರು ಬಂದರು. "ಎಲ್ಲಾ ಒಮ್ಮೆಲೇ ಬ್ಯಾಡವ್ವಾ. ಮೊದ್ಲು ಒಂದು ಶೇರು ಮಾರಿ ನೋಡು" ಎಂದರು. ಮಾರಿದೆ. ಗುಂಡಿ ಒತ್ತಿದ ತಕ್ಷಣ ಹೋಯಿತು.

"ತೊಗೊಂಡಾವ ಚೌಕಾಸಿ ಮಾಡಿದ್ನೇನು?"

"ಇಲ್ರಿ ಸಾಹುಕಾರ್ರ."

ಅವರ ಮುಖ ಗಂಭೀರವಾಯಿತು. "ಹುಟ್ಟಿದಾಗಿಂದ ಅಕ್ಕಿ ಮಾರೀನಿ. ಚೌಕಾಸಿ ಮಾಡದ ತೊಗೊಂಡಾನಂದ್ರ ನಾವು ರೇಟು ಕಮ್ಮಿ ಹೇಳೀವಿ. ವಾಪಸ್ ತರಿಸು!"

ವಾಪಸ್ ಕೊಳ್ಳುವಷ್ಟರಲ್ಲಿ ರೇಟು ಎರಡು ರೂಪಾಯಿ ಏರಿತ್ತು. "ನೋಡಿದ್ಯಾ, ನಾ ಹೇಳ್ಲಿಲ್ಲಾ?" ಎಂದು ಎರಡು ರೂಪಾಯಿ ಕಳೆದುಕೊಂಡು, ಭಾಳ ಖುಷಿಯಾಗಿ ಕಂಪ್ಲಿ ಬಸ್ಸು ಹತ್ತಿದರು.

ಒಳಗಿನ ಸುದ್ದಿ

ಹಂಪಿಯಲ್ಲಿ ಗೈಡ್ ಕೆಲಸ ಮಾಡುವವನೊಬ್ಬನ ಹತ್ತಿರವೂ ಅದೇ ಶೇರು. "ಕಂಪನಿ ಒಳಗಿನವರನ್ನ ಕೇಳ್ದ ಮಾರಬಾರ್ದಕ್ಕಾ" ಎನ್ನುವುದು ಅವನ ವಾದ. ದಸರಾ ರಜೆಯಲ್ಲಿ ಆ ಕಂಪನಿಯಲ್ಲೇ ದುಡಿಯುವ ಪ್ರವಾಸಿಯೊಬ್ಬ ಸಿಕ್ಕೂಬಿಟ್ಟ. ಗೈಡ್ ಅವನಿಗೆ ಗುಡಿಗಳನ್ನೆಲ್ಲ ತೋರಿಸಿದ, ಎಳನೀರು ಕುಡಿಸಿದ, ಫೀಸಿನಲ್ಲೂ ಬಿಟ್ಟುಕೊಟ್ಟ. ಸಂಜೆ ಹೇಮಕೂಟದ ಬಂಡೆಯ ಮೇಲೆ ಕೂರಿಸಿ, ಇನ್ನೇನು ಕೇಳಬೇಕು, ಅಷ್ಟರಲ್ಲಿ ಆ ಪ್ರವಾಸಿಯೇ ಮೆಲ್ಲಗೆ ಕೇಳಿದನಂತೆ:

"ಈ ಗೈಡ್ ಕೆಲಸಕ್ಕೆ ಲೈಸೆನ್ಸ್ ಹೇಗೆ ತಗೊಳ್ಳೋದು?"

ಆ ಬಂಡೆಯ ಮೇಲಿಂದಲೇ ನನಗೆ ಫೋನು. "ಅಕ್ಕಾ, ನಾಳೆ ಮಾರ್ಕೆಟ್ ತೆಗೆದ ಕೂಡ್ಲೇ ಎಲ್ಲಾ ಮಾರಿಬಿಡ್ರಿ!"

ಸಂಡೂರಿನ ದಂಪತಿ

ಸಂಡೂರಿನ ಗಣಿ ಕಂಪನಿಯೊಂದರಿಂದ ರಿಟೈರ್ ಆದ ಯಜಮಾನರು ಮತ್ತು ಅವರ ಹೆಂಡತಿ. ಅದೇ ಸಾಫ್ಟ್‌ವೇರ್ ಶೇರು ಇದ್ದದ್ದು ಯಜಮಾನರ ಹೆಸರಿನಲ್ಲಿ. ಅವರಿಗೆ ಮಾರುವ ಆಸೆ, ಆಕೆಗೆ ಇನ್ನೂ ಏರುತ್ತದೆಂಬ ನಂಬಿಕೆ. ಇದೇ ವಿಷಯಕ್ಕೆ ಒಂದು ವಾರ ಇಬ್ಬರ ನಡುವೆ ಮಾತಿರಲಿಲ್ಲ.

ಒಂದು ದಿನ ಯಜಮಾನರು ಒಬ್ಬರೇ ಬಂದು ಎಲ್ಲವನ್ನೂ ಮಾರಿಸಿದರು. "ಮನ್ಯಾಗ ಹೇಳಬ್ಯಾಡ್ರಿ ಮೇಡಂ. ಗಣಿ ಕಂಪನಿಯಿಂದ ಹಳೇ ಬಾಕಿ ಬಂತು ಅಂತೀನಿ. ಬಂಗಾರದ ಬಳಿ ಮಾಡ್ಸಿಕೋ ಅಂತ ಕೊಟ್ರ ಆಕಿ ಸಿಟ್ಟೂ ಇಳೀತೈತಿ."

ಆ ವಾರದಲ್ಲೇ ಹೆಂಡತಿ ಬಂದರು, ಅದೇ ರೊಕ್ಕದೊಂದಿಗೆ. "ನಮ್ಮ ಮನಿಯವ್ರು ಯಾವತ್ತಿದ್ರೂ ಮಾರೇ ಮಾರ್ತಾರ. ನನ್ನ ಹೆಸ್ರಿಲೆ ಅದೇ ಶೇರು ತೊಗೊಳ್ರಿ. ಅವ್ರಿಗೆ ಹೇಳಬ್ಯಾಡ್ರಿ."

ಒಬ್ಬರ ಖಾತೆಯ ಮಾತು ಇನ್ನೊಬ್ಬರಿಗೆ ಹೇಳುವಂತಿಲ್ಲ. ತುಟಿ ಕಚ್ಚಿಕೊಂಡು ಕೊಡಿಸಿದೆ.

ರೇಟು ಏರಿತು. ಯಜಮಾನರು ಮುಖ ಬಾಡಿಸಿಕೊಂಡು ಬಂದರು. "ಮಾರಿದ್ದು ಗೊತ್ತಾದ್ರ ಮನಿಯಿಂದ ಹೊರಗ ಹಾಕ್ತಾಳ. ವಾಪಸ್ ತೊಗೋಬೇಕು. ಆ ಬಳಿ ಅಡ ಇಡ್ತೀನಿ" ಎಂದವರು, ನಾನು "ಸ್ವಲ್ಪ ತಡೀರಿ" ಎನ್ನುವಷ್ಟರಲ್ಲಿ ಹೊರಟೇಹೋದರು.

ಮರುದಿನ ಇಬ್ಬರೂ ಒಟ್ಟಿಗೆ ಬಂದು ನನ್ನೆದುರು ಕುಂತರು. ಮಾತಾಡಿದ್ದು ಆಕೆ.

"ಬಳಿ ಕೊಡು ಅಂದ್ರು. ಯಾಕ ಅಂದೆ. ಶೇರು ತೊಗೊಳ್ಳಾಕ ಅಂದ್ರು. ಇದ್ದ ಶೇರು ಏನಾದ್ವು ಅಂದೆ. ಬಳಿ ಆದ್ವು ಅಂದ್ರು. ಬಳಿ ಶೇರು ಆಗ್ಯಾವು ಅಂತ ನಾ ಅಂದೆ."

ಯಜಮಾನರಿಗೆ ಹೋದ ಜೀವ ಬಂದಂತಾಗಿತ್ತು. ಕುರ್ಚಿ ಮುಂದಕ್ಕೆಳೆದುಕೊಂಡು ಉತ್ಸಾಹದಿಂದ ಕೇಳಿದರು: "ಹಂಗಾರ ಮೇಡಂ, ಈಗ ರೇಟು ಮಸ್ತ್ ಐತಿ. ಮಾರೋಣೇನು?"

ಆಕೆ ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

"ಮಂದಿ ಶೇರಿನ ಉಸಾಬರಿ ನಿಮಗ್ಯಾಕ್ರಿ?"