ಸಿಂಧನೂರಿನ ಕ್ರೂಸರಿಗೆ ಎಂಟೇ ತೋಪು

ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಕೂತು ಯುದ್ಧನೌಕೆಯ ಮಾತೆತ್ತುವವನಿಗೆ ಫಜೀತಿಗಳು ಆಗುತ್ತಲೇ ಇರುತ್ತವೆ. ನನಗೆ ತುಸು ಹೆಚ್ಚೇ ಆಗಿವೆ.

ಸಿಂಧನೂರಿನ ಇಂಗ್ಲಿಷ್ ಮಾಧ್ಯಮ ಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ತಪ್ಪು ಕಂಡರೆ ಸುಮ್ಮನಿರುವ ಅಭ್ಯಾಸವಿಲ್ಲ. ನಿವೃತ್ತ ನೌಕಾ ಅಧಿಕಾರಿಯೊಬ್ಬರು ಪತ್ರಿಕೆಯಲ್ಲಿ ಎರಡು ಮಹಾಯುದ್ಧಗಳ ನಡುವಿನ ಕ್ರೂಸರ್ ಹಡಗುಗಳ ಬಗ್ಗೆ ಬರೆಯುತ್ತ, ಅವುಗಳ ತೋಪಿನ ಬಾಯಿ ಹತ್ತು ಅಂಗುಲ ಎಂದುಬಿಟ್ಟಿದ್ದರು. ಎಂಟು ಎಂದು ಪತ್ರ ಬರೆದೆ. ಅವರು ತಪ್ಪೊಪ್ಪಿಕೊಂಡು ಕೊನೆಗೊಂದು ಸಾಲು ಸೇರಿಸಿದರು: ಲಿಂಗಸುಗೂರಿನ ಕಾಲೇಜಿನ ವಸ್ತುಪ್ರದರ್ಶನಕ್ಕೆ ಅತಿಥಿಯಾಗಿ ಬರುತ್ತಿದ್ದೇನೆ, ಒಂದೂ ತಪ್ಪಿಲ್ಲದ ಕ್ರೂಸರ್ ಮಾಡಿ ತೋರಿಸಿ.

ಮಾಡದೆ ಇರುವುದು ಹೇಗೆ? ನಾಲ್ಕಡಿ ಉದ್ದದ ಸಾಗವಾನಿ ಹಡಗು. ಮೇಲೆ ನಾಲ್ಕು ಟರೆಟ್, ಅಂದರೆ ತೋಪು ಕೂರಿಸಿದ ತಿರುಗುವ ಗೂಡು. ಒಂದೊಂದರಲ್ಲಿ ಎರಡೆರಡು ತೋಪು.

ನೀರಿನ ವಿಚಾರ

ತೋಪಿನ ನಳಿಗೆಗಳನ್ನು ಹಿತ್ತಾಳೆಯಲ್ಲಿ ಕಡೆಸಲು ಲೇತ್ ಅಂಗಡಿಗೆ ಹೋದೆ. ಮಿಸ್ತ್ರಿ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ದನಿ ಇಳಿಸಿ ಕೇಳಿದ.

"ಸರ, ಯಾರ ಮ್ಯಾಲ?"

ಯಾರ ಮೇಲೂ ಅಲ್ಲ, ಹಡಗಿಗೆ ಎಂದೆ. ಅವನ ಮುಖದಲ್ಲಿ ಭಯ ಹೋಗಿ ಚಿಂತೆ ಬಂತು. ಹಡಗನ್ನು ಎಲ್ಲಿ ಬಿಡುತ್ತೀರಿ, ಎಡದಂಡೆ ಕಾಲುವೆಯಲ್ಲೋ ಎಂದ. ಸೂಕ್ಷ್ಮ ಕೆಲಸದವನನ್ನು ರೇಗಿಸಬಾರದೆಂದು ಹೂಂ ಅಂದೆ.

"ಬಿಡೂದಾದ್ರ ಇಲ್ಲೇ ಬಿಟ್ಟು ಇಲ್ಲೇ ತಗೀರಿ. ಮಾನ್ವಿ ತನಕಾ ಹೋಗಂಗಿಲ್ಲ ಅದು. ಕೊನೀ ಭಾಗದಾಗ ಭತ್ತಕ್ಕs ನೀರು ಮುಟ್ಟವಲ್ದು."

ತಕ್ಕಡಿ

ನಮ್ಮ ಪಕ್ಕದ ಮನೆಯವರು ಭತ್ತದ ವ್ಯಾಪಾರಿ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ನಮ್ಮ ಕಟ್ಟೆಗೆ ಬಂದು ಕೂತು, ಹಡಗಿಗೆ ಇನ್ನೂ ದೊಡ್ಡ ತೋಪು ಹಾಕಬಾರದೇ ಎಂದರು. ಬರುವುದಿಲ್ಲ ಎಂದೆ. ಹಡಗು ಹತ್ತು ಸಾವಿರ ಟನ್ ಮೀರಬಾರದು, ತೋಪು ಎಂಟಂಗುಲ ಮೀರಬಾರದು ಎಂದು ದೊಡ್ಡ ದೇಶಗಳೆಲ್ಲ ಕೂತು ಕರಾರು ಮಾಡಿಕೊಂಡಿದ್ದವು.

"ತೂಕಾ ಹಾಕಿದವ್ರು ಯಾರ್ರೀ?"

ಆಯಾ ದೇಶದವರೇ ಲೆಕ್ಕ ಹೇಳಬೇಕಿತ್ತು ಎಂದೆ. ಅವರು ಚಹಾದ ಬಸಿ ಕೆಳಗಿಟ್ಟು, ಹಂಗಾದರೆ ಹಡಗುಗಳು ಹೆಚ್ಚಿಗಿ ತೂಗಿರಬೇಕು ಎಂದರು. ಇದನ್ನು ನಾನು ತಿಳಿಯಲು ಎಷ್ಟೋ ವರ್ಷ ಓದಿದ್ದೆ. ಹಲವು ಹಡಗುಗಳು ಕರಾರು ಮೀರಿ ತೂಗಿದ್ದು ನಿಜ. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನಾ ಹಡಗು ನೋಡಿಲ್ಲರೀ ಸರ. ತಕ್ಕಡಿ ನೋಡೀನಿ."

ಅಂತರ

ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಳಿ ರೈತರೊಬ್ಬರು ನಮಗೆ ಅಕ್ಕಿ ತಂದುಕೊಡುವವರು. ಅವರು ಬಂದಾಗ ನಾನು ಎರಡು ನಳಿಗೆಗಳ ನಡುವಿನ ಅಂತರ ಅಳೆಯುತ್ತಿದ್ದೆ. ಅದರ ಮಹತ್ವ ವಿವರಿಸಿದೆ. ಕೆಲವು ದೇಶಗಳು ತೂಕ ಉಳಿಸಲು ಎರಡು ತೋಪುಗಳನ್ನು ತೀರ ಅಂಟಿಸಿ ಕೂರಿಸಿದವು. ಒಟ್ಟಿಗೆ ಹಾರಿಸಿದರೆ ಒಂದರ ಗಾಳಿ ಇನ್ನೊಂದರ ಗುಂಡಿಗೆ ಬಡಿದು ಎರಡೂ ದಿಕ್ಕು ತಪ್ಪುತ್ತಿದ್ದವು.

ನಾಟಿ ಹಚ್ಚುವ ಹೆಣ್ಣುಮಕ್ಕಳನ್ನು ಕೇಳಿದ್ದರೆ, ಒತ್ತೊತ್ತಾಗಿ ಹಚ್ಚಬಾರದೆಂದು ಮೊದಲೇ ಹೇಳುತ್ತಿದ್ದರು ಎಂದರು ಅವರು. ಆಮೇಲೆ ಅದಕ್ಕೆ ಪರಿಹಾರವೇನು ಸಿಕ್ಕಿತು ಎಂದು ಕೇಳಿದರು. ಒಂದು ತೋಪು ಹಾರಿದ ಮೇಲೆ ಕ್ಷಣ ತಡೆದು ಇನ್ನೊಂದನ್ನು ಹಾರಿಸುವುದು ಎಂದೆ.

ಅಡುಗೆಮನೆಯಿಂದ ನನ್ನ ಹೆಂಡತಿ ಹೇಳಿದಳು: "ಅಣ್ಣಾರ, ನಮ್ಮನ್ಯಾಗೂ ಹಂಗs ಮಾಡೀವಿ. ಮೊದಲು ನಾ ಹಾರಿಸ್ತೀನಿ. ಮದುವ್ಯಾಗಿ ಮೂವತ್ತೆಂಟು ವರ್ಷ ಆತು, ಇವರ ಪಾಳಿ ಇನ್ನಾ ಬಂದಿಲ್ಲ."

ಎಂಟು ಮತ್ತು ಒಂದು

ಹಡಗು ಮಾಡಿದವನು ಮಸ್ಕಿಯ ಬಡಿಗ. ನಳಿಗೆಗಳ ಪೊಟ್ಟಣ ಕೊಟ್ಟು, ಎಂಟನ್ನೂ ಕೂರಿಸಿ, ಬಣ್ಣ ಹಚ್ಚಿ, ನೇರವಾಗಿ ಲಿಂಗಸುಗೂರಿಗೆ ತಾ ಎಂದಿದ್ದೆ. ಅವನು ಮಡಿಲಲ್ಲಿ ಕೂಸಿನ ಹಾಗೆ ಹಿಡಿದು ಬಸ್ಸಿನಲ್ಲಿ ತಂದ. ನಾನು ತಲುಪುವಷ್ಟರಲ್ಲಿ ಮೇಜಿನ ಮೇಲಿಟ್ಟು ಕೆಂಪು ಬಟ್ಟೆ ಹೊದಿಸಿಯಾಗಿತ್ತು. ಅತಿಥಿಗಳೇ ಸರಿಸಬೇಕೆಂದು ಕಾಲೇಜಿನವರು ನನ್ನನ್ನು ಮುಟ್ಟಗೊಡಲಿಲ್ಲ. ಪಕ್ಕದಲ್ಲಿ ನನ್ನ ಫಲಕ: ಎಂಟಂಗುಲದ ತೋಪು, ಎಂಟು.

ಅಧಿಕಾರಿಗಳು ಬಟ್ಟೆ ಸರಿಸಿದರು. ಕನ್ನಡಕ ಏರಿಸಿಕೊಂಡು ಎಣಿಸಿದರು. ಮತ್ತೆ ಎಣಿಸಿದರು.

ಒಂಬತ್ತು.

ನಾಲ್ಕು ಟರೆಟ್‌ಗಳಲ್ಲಿ ಎಂಟೂ ಸರಿಯಾಗಿದ್ದವು. ಒಂಬತ್ತನೆಯದು ಹಡಗಿನ ಮೂತಿಯಲ್ಲಿ ಒಂಟಿಯಾಗಿ, ಹಿಂದುಮುಂದಾಗಿ, ಕ್ಯಾಪ್ಟನ್ ನಿಲ್ಲುವ ಕೊಠಡಿಗೇ ಗುರಿಯಿಟ್ಟು ಕೂತಿತ್ತು. ಅಷ್ಟು ಜನರ ಮುಂದೆ ನನ್ನ ಕಿವಿ ಬಿಸಿಯಾಯಿತು. ಬಡಿಗನನ್ನು ಕರೆದು ಇದೇನೆಂದು ಕೇಳಿದೆ.

"ಕೊಸರು ರೀ," ಎಂದ.

ಆಗ ತಿಳಿಯಿತು. ಲೇತ್ ಅಂಗಡಿಯಲ್ಲಿ ನಾನು ಎಂಟು ಎಣಿಸಿದ್ದು ಪೊಟ್ಟಣ ಕಟ್ಟುವುದಕ್ಕಿಂತ ಮುಂಚೆ. ಬದನೆಕಾಯಿ ತೂಗಿದ ಮೇಲೆ ಇನ್ನೊಂದು ಹಾಕುವ ಹಾಗೆ, ಕಟ್ಟುವಾಗ ಮಿಸ್ತ್ರಿ ಪ್ರೀತಿಯಿಂದ ಒಂದು ನಳಿಗೆ ಕೊಸರು ಹಾಕಿದ್ದ. ಕೊಸರನ್ನು ಬಿಸಾಡಬಾರದು, ವಾಪಸು ಕೊಡಲೂ ಬಾರದು. ಬಡಿಗ ಜಾಗ ಹುಡುಕಿ ಕೂರಿಸಿದ್ದ.

ತಪ್ಪು ನನ್ನದೇ, ಫಲಕ ತೆಗೆಯುತ್ತೇನೆ ಎಂದು ಅಧಿಕಾರಿಗಳಿಗೆ ಹೇಳಿದೆ. ಅವರು ನನ್ನನ್ನು ತಡೆದು ಬಡಿಗನ ಕಡೆ ತಿರುಗಿದರು. ಕೂರಿಸಿದ್ದಿರಲಿ, ಇದು ಹಾರಿದರೆ ಗುಂಡು ನೇರ ಕ್ಯಾಪ್ಟನ್ನಿಗೇ ಬೀಳುತ್ತದಲ್ಲಪ್ಪಾ ಎಂದರು.

"ಹೌದ್ರೀ ಸಾಹೇಬ್ರ. ಎಂಟು ಹೊರಗಿನವರಿಗೆ. ಒಳಗಿನವರಿಗೂ ಒಂದು ಇರ್ಲಿ, ಅಂಜಿಕಿ ಇರ್ತೈತಿ ಅಂತ."

ಅಧಿಕಾರಿಗಳು ಬಗ್ಗಿ ಆ ತೋಪಿನ ಗುರಿ ನೋಡಿದರು. ಆಮೇಲೆ ನನ್ನ ಫಲಕ ತೆಗೆದುಕೊಂಡು, 'ಎಂಟು' ಹೊಡೆದುಹಾಕಿ, ತಮ್ಮ ಕೈಯಾರೆ 'ಒಂಬತ್ತು' ಎಂದು ಬರೆದರು.

"ಮೂವತ್ತು ವರ್ಷ ನೌಕರಿ ಮಾಡೀನಿ ಸರ," ಎಂದರು. "ಮೂರು ಮಂದಿ ಕ್ಯಾಪ್ಟನ್ ಕೈಕೆಳಗ ನನಗ ಈ ಒಂಬತ್ತನೇದು ಬಾಳ ಬೇಕಾಗಿತ್ತು."