ಸಿಪ್ರಿಯನ್ನರ ಹ್ಯಾಮ್

ಬಿಜೈಯ ಎವರಿಸ್ಟ್ ತನ್ನ ಕೋಲ್ಡ್ ಸ್ಟೋರೇಜ್ ಅಂಗಡಿಯಲ್ಲಿ ಹೊಸ ಯಂತ್ರ ಕೂರಿಸಿದ ದಿನ ಮೊದಲು ಕರೆದದ್ದು ಸಿಪ್ರಿಯನ್ ಮತ್ತು ಅವರ ಹೆಂಡತಿ ಸೆವ್ರಿನ್ನರನ್ನು. ಹ್ಯಾಮ್, ಸಲಾಮಿಯಂಥ ಹಂದಿಮಾಂಸ, ಚೀಸ್ ಕತ್ತರಿಸುವ ಯಂತ್ರ ಬೇರೆ ಕಡೆಯೂ ಇರುತ್ತದೆ; ಇದಕ್ಕೆ ಮೂಗಿತ್ತು. ಗಾಜಿನ ಕಪಾಟಿನ ಮೇಲೆ ಎರಡು ಹೊಳ್ಳೆಗಳು. ಗಿರಾಕಿಯನ್ನು ಒಮ್ಮೆ ಮೂಸಿದರೆ ಸಾಕು, ಮುಂದಿನ ಸಲ ಅವರು ಬಾಯಿ ಬಿಡುವುದೇ ಬೇಡ, ಹೆಸರು ಹಿಡಿದು ನಮಸ್ಕರಿಸಿ ಬೇಕಾದದ್ದನ್ನು ತಾನೇ ಉದುರಿಸುತ್ತದೆ ಎಂದು ಎವರಿಸ್ಟ್ ಎದೆಯುಬ್ಬಿಸಿ ಹೇಳಿದ. ಕರೆಂಟು ಹೋದರೂ ನಿಲ್ಲದಂತೆ ಒಳಗೆ ಬ್ಯಾಟರಿ ಇಟ್ಟಿದ್ದ.

ಸಿಪ್ರಿಯನ್ ಹ್ಯಾಮ್ ದಪ್ಪಗೆ ಬೇಕೆಂದರು. ಸೆವ್ರಿನ್ ಡಾಕ್ಟರರ ಮಾತು ನೆನಪಿಸಿದರು. ಕೌಂಟರಿನೆದುರೇ ಜಟಾಪಟಿಯಾಯಿತು. ಎವರಿಸ್ಟ್ ಸಿಪ್ರಿಯನ್ನರ ಹೆಸರು ಒತ್ತಿದ; ಯಂತ್ರ ಅವರನ್ನು ಮೂಸಿ, ಗಂಡನ ಪರ ವಹಿಸಿ ಬೆರಳು ದಪ್ಪದ ಹೋಳುಗಳನ್ನು ಉದುರಿಸಿತು.

ಕೆಲವೇ ವಾರಗಳಲ್ಲಿ ಸಿಪ್ರಿಯನ್ ತೀರಿಕೊಂಡರು. ಸ್ಕೂಟರ್ ಒರೆಸುತ್ತಿದ್ದವರು ಅಲ್ಲೇ ಕುಸಿದರು.

ಚರ್ಚಿನ ಪೂಜೆ, ಊಟ ಎಲ್ಲ ಮುಗಿದು ನೆಂಟರು ಹೋದ ಮೇಲೆ ಸೆವ್ರಿನ್ ಸ್ವಲ್ಪ ಚೀಸ್ ತರಲು ಹೊರಟರು. ಕೈಯಲ್ಲಿ ಗಂಡನ ಹಳೆಯ ಬಟ್ಟೆಚೀಲವಿತ್ತು. ಯಂತ್ರ ಚೀಲವನ್ನು ಮೂಸಿತು.

"ನಮಸ್ಕಾರ, ಸಿಪ್ರಿಯನ್," ಎಂದು ದಪ್ಪ ಹೋಳುಗಳನ್ನು ಕತ್ತರಿಸಿತು.

ಎವರಿಸ್ಟ್ ನಾಚಿಕೆಯಿಂದ ಕುಗ್ಗಿಹೋದ, ಎರಡೂ ಕೈಯಿಂದ ಹೊಳ್ಳೆ ಮುಚ್ಚಿದ. ಸೆವ್ರಿನ್ ಮಾತ್ರ ಕಟ್ಟಿಕೊಡಲು ಹೇಳಿದರು. ಮರುದಿನವೂ ಬಂದರು, ಅದರ ಮರುದಿನವೂ. ತಿನ್ನುವವರಿಲ್ಲದೆ ಮನೆಯ ಫ್ರಿಜ್ಜು ತುಂಬಿತು. ಚೀಲವನ್ನು ಒಗೆಯಲಿಲ್ಲ.

ಒಂದು ಬೆಳಿಗ್ಗೆ ಯಂತ್ರ ಬಹಳ ಹೊತ್ತು ಮೂಸಿ, "ಹೊಸ ಗಿರಾಕಿಗೆ ಸ್ವಾಗತ," ಎಂದಿತು. ಸೆವ್ರಿನ್ ಚೀಲವನ್ನು ಮತ್ತೆ ಹೊಳ್ಳೆಗೊಡ್ಡಿದರು, ಅದೇ ಮಾತು. ಗಂಡ ಎರಡನೇ ಸಲ ಹೋದಂತಾಯಿತು.

"ವಾಸನೆ ಆರಿದೆ, ಸೆವ್ರಿನ್ ಬಾಯಿ," ಎಂದ ಎವರಿಸ್ಟ್ ಮೆಲ್ಲಗೆ.

"ಅದರ ಮೂಗು ಸ್ವಲ್ಪ ಚುರುಕು ಮಾಡ್ಲಿಕ್ಕೆ ಆಗ್ತದಾ?"

"ಆಗ್ತದೆ. ಆದ್ರೆ ನೀವು ಹೀಗೆ ಎಷ್ಟು ದಿನ..."

"ಅದು ನಾನು ನೋಡಿಕೊಳ್ತೇನೆ. ನೀನು ಮಾಡು."

ಅವರ ಮುಖ ನೋಡಿ ಎವರಿಸ್ಟನಿಗೆ ಇಲ್ಲವೆನ್ನಲಾಗಲಿಲ್ಲ. ಮೂಗಿನ ಪಕ್ಕದ ತಿರುಪನ್ನು ಕೊನೆಯವರೆಗೂ ತಿರುಗಿಸಿಬಿಟ್ಟ.

ಯಂತ್ರಕ್ಕೆ ಸಿಪ್ರಿಯನ್ ಎಲ್ಲೆಲ್ಲೂ ಸಿಗತೊಡಗಿದರು. ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಎವರಿಸ್ಟನ ಅಂಗಿಯಲ್ಲಿ, ಅವರ ತಲೆಗೂದಲು ಕತ್ತರಿಸುತ್ತಿದ್ದ ಕ್ಷೌರಿಕನ ಕೈಯಲ್ಲಿ, ಬಾಗಿಲ ಹಿಡಿಯಲ್ಲಿ. ಸಾಸೇಜ್ ಕೊಳ್ಳಲು ಬಂದ ಪಾದ್ರಿಗಳಿಗೂ "ನಮಸ್ಕಾರ, ಸಿಪ್ರಿಯನ್" ಎಂದಿತು. ಸಮಾಧಿಯ ಮೇಲೆ ಮಣ್ಣು ಹಾಕಿದವರು ಅವರೇ, ಬೆಚ್ಚಿ ಹಿಂದೆ ಸರಿದರು. ಹ್ಯಾಮ್ ಮುಗಿಯಿತು. ಯಂತ್ರ ಸಲಾಮಿ ಎಳೆದುಕೊಂಡಿತು, ಆಮೇಲೆ ಚೀಸಿನ ಗಡ್ಡೆಗಳು, ಬೆಣ್ಣೆ. ಎಲ್ಲವೂ ಬೆರಳು ದಪ್ಪ. ಎವರಿಸ್ಟ್ ಮೈನ್ ಸ್ವಿಚ್ಚನ್ನೇ ಆರಿಸಿದ. ದೀಪ, ಫ್ರೀಜರ್ ಎಲ್ಲ ನಿಂತವು, ಯಂತ್ರ ನಿಲ್ಲಲಿಲ್ಲ. ಮರದ ಹಲಗೆಯನ್ನೂ ಹೋಳು ಮಾಡಿ ಗೋಡೆಯ ಕ್ಯಾಲೆಂಡರಿಗೆ ಬಾಯಿ ಹಾಕಿತು.

"ಸಾಕು, ಸಿಪ್ರಿ," ಎಂದರು ಚೀಲ ಹಿಡಿದು ಬಂದಿದ್ದ ಸೆವ್ರಿನ್, ಊಟದ ಮೇಜಿನಲ್ಲಿ ಹೇಳುತ್ತಿದ್ದ ದನಿಯಲ್ಲೇ. ಯಂತ್ರಕ್ಕೆ ಕಿವಿಯಿರಲಿಲ್ಲ.

ಅವರು ಮೂಲೆಯಲ್ಲಿದ್ದ ಫಿನೈಲ್ ಬಾಟಲಿ ತೆಗೆದರು. ಒಂದು ಕ್ಷಣ ಚೀಲವನ್ನು ಮುಖಕ್ಕೆ ಒತ್ತಿಕೊಂಡರು. ಆಮೇಲೆ ಚೀಲವನ್ನು ಫಿನೈಲಿನಲ್ಲಿ ನೆನೆಸಿ, ಹಿಂಡದೆ, ಎರಡೂ ಹೊಳ್ಳೆಗಳಿಗೆ ತುರುಕಿದರು. ಯಂತ್ರ ಒಂದು ದೀರ್ಘ ಉಸಿರೆಳೆದು ನಿಂತಿತು. ಗಂಡ ಸ್ಕೂಟರಿನ ಪಕ್ಕ ಬಿದ್ದಿದ್ದಾಗ ಕೇಳಿದ ಕೊನೆಯ ಉಸಿರೂ ಹೀಗೆಯೇ ಇತ್ತು.

ಬ್ಯಾಟರಿ ಕಿತ್ತದ್ದಾಯಿತು. ಫ್ರೀಜರ್ ಮತ್ತೆ ಹಾಕಿದರೂ ಹೋಳುಗಳ ರಾಶಿಗೆ ಜಾಗ ಸಾಲದೆ, ಸಂಜೆಯೊಳಗೆ ಹಾಳಾಗುವ ಮಾಂಸವನ್ನು ಬಾಳೆಲೆಯ ಮೇಲೆ ಹರಡಿ ಇಡೀ ಓಣಿಯನ್ನು ಕರೆದರು. ಉತ್ತರಕ್ರಿಯೆಯ ಊಟಕ್ಕೂ ಅಷ್ಟು ಜನ ಬಂದಿರಲಿಲ್ಲ. ಕ್ಷೌರಿಕ ಬೆರಳು ನೆಕ್ಕುತ್ತಾ, ಸಿಪ್ರಿಯನ್ನರ ಹೆಸರಲ್ಲಿ ಹೊಟ್ಟೆ ತುಂಬಿತು, ಎಂಥ ದೊಡ್ಡ ಮನಸ್ಸು ಎಂದ.

"ಅವರು ಬದುಕಿದ್ದಿದ್ರೆ," ಎಂದರು ಸೆವ್ರಿನ್, "ನಿಮಗೆ ಒಂದು ತುಂಡೂ ಬಿಡ್ತಿರಲಿಲ್ಲ."